ಬೆಳ್ಳಿಯನ್ನು ಕರಗಿಸಿ, ಚಿನ್ನವನ್ನು ತಡೆದು ನಿಲ್ಲಿಸುವ ಕೆಲಸ: ನ್ಯಾನೋಪೋರಸ್ ಗೋಲ್ಡ್ ಮಾಡಿದ ಲ್ಯಾಬ್ ಟಿಪ್ಪಣಿ

ಬಿಳಿ ಚಿನ್ನದ ರೇಕನ್ನು ಸಾಂದ್ರ ನೈಟ್ರಿಕ್ ಆಸಿಡ್ ಮೇಲೆ ತೇಲಿಬಿಟ್ಟರೆ ಅದರೊಳಗಿನ ಬೆಳ್ಳಿ ಕೆಲವು ನಿಮಿಷಗಳಲ್ಲೇ ಕರಗಿ ಹೋಗುತ್ತದೆ. ಚಿನ್ನ ಉಳಿಯುತ್ತದೆ. ಆದರೆ ಉಳಿದದ್ದು ಮೊದಲಿನ ಹಾಗೆ ಗಟ್ಟಿ ಹಾಳೆಯಲ್ಲ, ಮೈತುಂಬ ತೂತು. ಒಂದೊಂದು ತೂತೂ ಸುಮಾರು 15ರಿಂದ 20 ನ್ಯಾನೋಮೀಟರ್ ಅಗಲ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲೊಂದು ಪಾಲು ಒಂದು ನ್ಯಾನೋಮೀಟರ್. ಈ ತೂತು ಚಿನ್ನಕ್ಕೆ ನ್ಯಾನೋಪೋರಸ್ ಗೋಲ್ಡ್ ಅನ್ನುತ್ತಾರೆ.

ಬೆಂಗಳೂರಿನ ನಮ್ಮ ಲ್ಯಾಬ್‌ನಲ್ಲಿ ಇದನ್ನು ಎರಡು ರೂಪದಲ್ಲಿ ಮಾಡಿದೆವು. ಮೊದಲು ರೇಕು, ಆಮೇಲೆ ತಗಡಿನ ಪಟ್ಟಿ. ಹೇಗೆ ಮಾಡಿದೆವು, ಎಲ್ಲಿ ಕೈಕೊಟ್ಟಿತು, ಹೇಗೆ ಸರಿಪಡಿಸಿದೆವು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಈ ಕೆಲಸಕ್ಕೆ ಕೈಹಾಕುವ ಎಂ.ಎಸ್ಸಿ., ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಉಪಯೋಗಕ್ಕೆ ಬರಲಿ ಅಂತ. ಫ್ಯೂಮ್ ಹುಡ್ (ವಿಷದ ಹೊಗೆಯನ್ನು ಹೊರಗೆಳೆಯುವ ಗಾಜಿನ ಗೂಡು) ಇಲ್ಲದ ಜಾಗದಲ್ಲಿ, ಮನೆಯಲ್ಲಿ, ಇದನ್ನು ಖಂಡಿತ ಮಾಡಬೇಡಿ.

ಶುರುವಿಗೇ ಒಂದು ಮಾತು ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಬೆಳ್ಳಿ ತೆಗೆಯುವುದು ಸುಲಭ. ಆಸಿಡ್ ತನ್ನಷ್ಟಕ್ಕೆ ತಾನೇ ಅದನ್ನು ಮಾಡುತ್ತದೆ. ಕಷ್ಟ ಇರುವುದು ಚಿನ್ನವನ್ನು ನಿಲ್ಲಿಸುವುದರಲ್ಲಿ. ಚಿನ್ನ ಅಂದರೆ ಯಾವುದಕ್ಕೂ ಜಗ್ಗದ ಲೋಹ ಅಂತ ನಾವೆಲ್ಲ ಕೇಳಿಕೊಂಡು ಬೆಳೆದವರು, ಅಲ್ವಾ? ಈ ಅಳತೆಯಲ್ಲಿ ಅದು ಕೋಣೆಯ ಬಿಸಿಗೇ ಓಡಾಡುತ್ತದೆ. ಆಸಿಡ್ ಒಳಗಂತೂ ಇನ್ನೂ ಜೋರು. ತೂತು ಎಷ್ಟು ದೊಡ್ಡದಾಗುತ್ತದೆ ಅನ್ನುವುದನ್ನು ತೀರ್ಮಾನ ಮಾಡುವುದೇ ಈ ಓಡಾಟ.

ಬೆಳ್ಳಿ ಹೋದಾಗ ಚಿನ್ನ ಏನು ಮಾಡುತ್ತದೆ

ಬೆಳ್ಳಿ ಇದ್ದ ಜಾಗ ಖಾಲಿಯಾಯಿತು, ತೂತಾಯಿತು ಅಂತ ಸುಮ್ನೆ ಅಂದುಕೊಂಡರೆ ಲೆಕ್ಕ ಸರಿಹೋಗುವುದಿಲ್ಲ. ಮಿಶ್ರಲೋಹದಲ್ಲಿ ಚಿನ್ನ ಮತ್ತು ಬೆಳ್ಳಿಯ ಪರಮಾಣುಗಳು ಒಂದರ ಪಕ್ಕ ಒಂದು ಬೆರೆತು ಕೂತಿರುತ್ತವೆ. ಎರಡರ ಗಾತ್ರವೂ ಹೆಚ್ಚುಕಡಿಮೆ ಒಂದೇ. ಬೆಳ್ಳಿ ಮಾತ್ರ ಎದ್ದು ಹೋದರೆ ತೂತಿನ ಅಗಲ ಒಂದೆರಡು ಪರಮಾಣುವಿನಷ್ಟೇ ಆಗಬೇಕು. ಮೇಲಿನ ಪದರದಲ್ಲಿ ಉಳಿದ ಚಿನ್ನ ಕೆಳಗಿನ ಬೆಳ್ಳಿಯನ್ನು ಮುಚ್ಚಿಕೊಂಡು, ಕೆಲಸ ಅಲ್ಲಿಗೇ ನಿಂತುಹೋಗಬೇಕು.

ನಿಜವಾಗಿ ಆಗುವುದು ಬೇರೆ. ಮೇಲ್ಮೈಯಿಂದ ಒಂದು ಬೆಳ್ಳಿ ಪರಮಾಣು ಕರಗಿತು ಅಂದರೆ ಅದರ ಸುತ್ತಲಿನ ಬೆಳ್ಳಿ ಪರಮಾಣುಗಳಿಗೆ ಒಂದು ಕಡೆಯ ಆಸರೆ ತಪ್ಪುತ್ತದೆ. ಹಾಗಾಗಿ ಅವೂ ಬೇಗ ಕರಗುತ್ತವೆ. ಆ ಪದರದಲ್ಲಿದ್ದ ಚಿನ್ನದ ಪರಮಾಣುಗಳು ಹಿಡಿಯುವವರಿಲ್ಲದೆ ಒಂಟಿಯಾಗುತ್ತವೆ. ಅವು ಮೇಲ್ಮೈ ಮೇಲೆ ಅಲೆದಾಡಿ, ಒಂದನ್ನೊಂದು ಸೇರಿ ಸಣ್ಣ ಗುಂಪುಗಳಾಗುತ್ತವೆ. ಗುಂಪು ಕೂತ ಕಡೆ ಕೆಳಗಿನ ಬೆಳ್ಳಿಗೆ ರಕ್ಷಣೆ ಸಿಗುತ್ತದೆ. ಗುಂಪುಗಳ ನಡುವಿನ ಬಯಲು ಜಾಗದಲ್ಲಿ ಆಸಿಡ್ ಮತ್ತೆ ಕೆಳಕ್ಕಿಳಿಯುತ್ತದೆ. ಹೀಗೆ ಇಳಿಯುತ್ತ, ಗುಂಪು ಕಟ್ಟುತ್ತ ಒಳಗೆಲ್ಲ ತೂತುಗಳು, ಅವುಗಳ ನಡುವೆ ಚಿನ್ನದ ಎಳೆಗಳು ಸೇರಿದ ಒಂದೇ ಜಾಲ ಬೆಳೆಯುತ್ತದೆ. ಇದನ್ನು ಕಂಪ್ಯೂಟರ್ ಲೆಕ್ಕ ಮತ್ತು ಪ್ರಯೋಗ ಎರಡರಲ್ಲೂ ತೋರಿಸಿದ್ದು ಜೋನಾ ಅರ್ಲೆಬಾಕರ್, ಮೈಕೆಲ್ ಅಜೀಜ್, ಕಾರ್ಲ್ ಸೀರಾಡ್ಸ್ಕಿ ಮತ್ತವರ ಜೊತೆಗಾರರು. 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಅದು ಬಂತು.

ಇದಕ್ಕೊಂದು ಮಿತಿಯೂ ಇದೆ. ನೂರು ಪರಮಾಣುಗಳಲ್ಲಿ ಸುಮಾರು 55ಕ್ಕಿಂತ ಜಾಸ್ತಿ ಬೆಳ್ಳಿ ಇದ್ದರೆ ಮಾತ್ರ ಆಸಿಡ್ ಒಳಗಿಳಿಯುತ್ತದೆ. 22 ಕ್ಯಾರಟ್ ಚಿನ್ನವಾಗಲಿ, 18 ಕ್ಯಾರಟ್ ಆಗಲಿ, ನೈಟ್ರಿಕ್ ಆಸಿಡ್‌ನಲ್ಲಿ ಎಷ್ಟು ಹೊತ್ತು ಇಟ್ಟರೂ ಹೀಗಾಗುವುದಿಲ್ಲ. ಅದಕ್ಕೇ ಚಿನ್ನ ಶುದ್ಧ ಮಾಡುವವರು ಮೊದಲು ಅದಕ್ಕೆ ಇನ್ನಷ್ಟು ಬೆಳ್ಳಿ ಸೇರಿಸಿ ಕರಗಿಸುತ್ತಾರೆ. ಒಂದು ಪಾಲು ಚಿನ್ನಕ್ಕೆ ಎರಡೂವರೆಯಿಂದ ಮೂರು ಪಾಲು ಬೆಳ್ಳಿ. ಆಮೇಲೆ ಆಸಿಡ್. ಬೆಳ್ಳಿ ಕಳೆಯಲು ಬೆಳ್ಳಿಯನ್ನೇ ಸೇರಿಸುವುದು ವಿಚಿತ್ರ ಅಂತ ಕಾಣುತ್ತದೆ, ಆದರೆ ಹಾಗೆ ಮಾಡದಿದ್ದರೆ ಆಸಿಡ್ ಒಳಗೆ ಹೋಗುವುದೇ ಇಲ್ಲ.

ರೇಕು

ರೇಕಿನ ದಾರಿ ತೋರಿಸಿದ್ದು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಗುಂಪು, 2004ರಲ್ಲಿ. ಚಿತ್ರದ ಚೌಕಟ್ಟಿಗೆ, ಅಲಂಕಾರಕ್ಕೆ ಹಚ್ಚುವ 12 ಕ್ಯಾರಟ್ ಬಿಳಿ ರೇಕನ್ನೇ ಅವರು ತೆಗೆದುಕೊಂಡರು. ಮೈಸೂರು ಶೈಲಿಯ ಚಿತ್ರ ಬರೆಯುವವರು ಬಳಸುವ ಹಳದಿ ರೇಕು ಈ ಕೆಲಸಕ್ಕೆ ಆಗುವುದಿಲ್ಲ. ಅದರಲ್ಲಿ ಚಿನ್ನ ಜಾಸ್ತಿ. 12 ಕ್ಯಾರಟ್ ಅಂದರೆ ತೂಕದಲ್ಲಿ ಅರ್ಧ ಚಿನ್ನ, ಅರ್ಧ ಬೆಳ್ಳಿ. ಬೆಳ್ಳಿ ಪರಮಾಣು ಹಗುರ, ಹಾಗಾಗಿ ಪರಮಾಣುಗಳ ಲೆಕ್ಕದಲ್ಲಿ ನೂರಕ್ಕೆ 65 ಬೆಳ್ಳಿ, 35 ಚಿನ್ನ. ಮೇಲೆ ಹೇಳಿದ ಮಿತಿಯನ್ನು ಆರಾಮಾಗಿ ದಾಟುತ್ತದೆ.

ರೇಕಿನ ದಪ್ಪ ಸುಮಾರು 100 ನ್ಯಾನೋಮೀಟರ್. ಎಂಟು ಸೆಂಟಿಮೀಟರ್ ಚೌಕದ ಒಂದು ಹಾಳೆಯಲ್ಲಿ ನಾಲ್ಕೂವರೆ ಮಿಲಿಗ್ರಾಂ ಆಸುಪಾಸು ಚಿನ್ನ ಇರುತ್ತದೆ, ಅಷ್ಟೇ. ಫ್ಯಾನ್ ಹಾಕಿದರೆ ಹಾರಿಹೋಗುತ್ತದೆ. ಇಕ್ಕಳದಲ್ಲಿ ನೇರ ಹಿಡಿದರೆ ಇಕ್ಕಳಕ್ಕೇ ಮೆತ್ತಿಕೊಳ್ಳುತ್ತದೆ. ನಮಗೆ ಒಗ್ಗಿದ ಕ್ರಮ ಇದು: ರೇಕು ಕಾಗದಗಳ ನಡುವೆ ಇರುವಾಗಲೇ ಹೊಸ ಬ್ಲೇಡಿನಿಂದ ಕಾಗದದ ಸಮೇತ ಸಣ್ಣ ಚೌಕಗಳಾಗಿ ಕತ್ತರಿಸುವುದು. ಒಂದು ಚೌಕವನ್ನು ಶುದ್ಧ ನೀರಿನ ಮೇಲೆ ಜಾರಿಸಿ ತೇಲಿಸುವುದು. ನೀರಿನಡಿಯಿಂದ ಗಾಜಿನ ಸ್ಲೈಡ್ ತಂದು ಮೇಲೆತ್ತುವುದು. ಅಂಚಿನ ನೀರು ಬಸಿದ ಮೇಲೆ ಸ್ಲೈಡನ್ನು ಓರೆ ಹಿಡಿದು ಆಸಿಡ್‌ಗೆ ನಿಧಾನ ಇಳಿಸುವುದು. ಸ್ಲೈಡ್ ಮುಳುಗುತ್ತದೆ, ರೇಕು ಬಿಟ್ಟುಕೊಂಡು ಮೇಲೆ ತೇಲುತ್ತದೆ.

ಕಾಗದವನ್ನು ಆಸಿಡ್ ಹತ್ತಿರ ತರಲೇಬಾರದು. ಶೇ. 70ರ ನೈಟ್ರಿಕ್ ಆಸಿಡ್ ಕಾಗದ, ಟಿಶ್ಯೂ, ಹತ್ತಿ ಯಾವುದನ್ನೂ ಸುಮ್ಮನೆ ಬಿಡುವುದಿಲ್ಲ. ಹುಡ್‌ನಲ್ಲಿ ಆಲ್ಕೋಹಾಲ್ ಅಥವಾ ಅಸಿಟೋನ್ ಬಾಟಲಿ ಇದ್ದರೆ ಕೆಲಸ ಶುರುಮಾಡುವ ಮೊದಲೇ ಹೊರಗಿಡಿ, ಅವು ಈ ಆಸಿಡ್ ಜೊತೆ ಸೇರಿದರೆ ಸ್ಫೋಟದ ಅಪಾಯ. ಎಲ್ಲರೂ ಹಾಕಿಕೊಳ್ಳುವ ತೆಳ್ಳನೆ ನೈಟ್ರೈಲ್ ಗ್ಲೌಸ್ ಕೂಡ ಇದಕ್ಕೆ ಸಾಲದು, ಬೇಗ ಕೆಟ್ಟುಹೋಗುತ್ತದೆ. ನಾವು ದಪ್ಪ ಬ್ಯುಟೈಲ್ ಗ್ಲೌಸ್ ಹಾಕುತ್ತೇವೆ, ಮುಖಕ್ಕೆ ಶೀಲ್ಡ್. ದಪ್ಪ ಗ್ಲೌಸ್‌ನಲ್ಲಿ ಸ್ಲೈಡ್ ಹಿಡಿಯುವುದು ಕಷ್ಟ. ಅದಕ್ಕೆ ಟೆಫ್ಲಾನ್ ತುಂಡಿನಲ್ಲಿ ಒಂದು ಹಿಡಿಕೆ ಮಾಡಿಸಿಕೊಂಡೆವು. ಸೀಳಿದ ತುದಿಗೆ ಸ್ಲೈಡ್ ಸಿಕ್ಕಿಸಿದರೆ ಬೆರಳು ಆಸಿಡ್‌ನಿಂದ ದೂರ ಇರುತ್ತದೆ, ಇಳಿಸುವ ಓರೆಯೂ ಪ್ರತಿ ಸಲ ಒಂದೇ ಆಗುತ್ತದೆ. ಇಡೀ ಕೆಲಸದಲ್ಲಿ ಹೆಚ್ಚು ಪ್ರಯೋಜನಕ್ಕೆ ಬಂದ ಸಾಮಾನು ಅದೇ.

ಆಸಿಡ್ ಮೇಲೆ ರೇಕು ಕೂತಾಗ ಬಾಗಿ ಹತ್ತಿರದಿಂದ ನೋಡಬೇಕು ಅನ್ನಿಸುತ್ತದೆ. ಹುಡ್ ಗಾಜಿನ ಈಚೆಯಿಂದಲೇ ನೋಡಿ. ಮೊದಲು ಅದು ಬೆಳ್ಳಿಯ ಹಾಗೆ ಬೆಳ್ಳಗಿರುತ್ತದೆ. ಸ್ವಲ್ಪ ಹೊತ್ತಿಗೆ ಹೊಳಪು ಮಂಕಾಗುತ್ತದೆ, ಮೈಮೇಲೆ ತೆಳು ಹಳದಿ ಹರಡುತ್ತದೆ, ಆಮೇಲೆ ಕೆಂಪು ಬೆರೆತ ಕಂದು. ನೆರಿಗೆ ಬಿದ್ದು ರೇಕು ಮಡಿಚಿದ ಕಡೆ ಬಣ್ಣ ತಡವಾಗಿ ತಿರುಗುವುದು ಕಣ್ಣಿಗೇ ಕಾಣುತ್ತದೆ. ಬಣ್ಣ ಪೂರ್ತಿ ತಿರುಗಿದ ಮಾತ್ರಕ್ಕೆ ಬೆಳ್ಳಿ ಪೂರ್ತಿ ಹೋಯಿತು ಅಂತಲ್ಲ. ಕೊನೆಯ ಕೆಲವು ಪಾಲು ಬೆಳ್ಳಿ ಎಳೆಗಳ ಒಳಗೇ ಸಿಕ್ಕಿಕೊಂಡು ಉಳಿದುಬಿಡುತ್ತದೆ.

ಎಷ್ಟು ಹೊತ್ತು ಬಿಡಬೇಕು? ಇಲ್ಲಿ ಒಂದು ಲೆಕ್ಕ ತುಂಬ ಕೆಲಸಕ್ಕೆ ಬರುತ್ತದೆ. ಚಿನ್ನ ಮೇಲ್ಮೈ ಮೇಲೆ ಹರಿದಾಡಿ ಎಳೆಗಳು ದಪ್ಪವಾಗುವಾಗ, ಎಳೆಯ ದಪ್ಪದ ನಾಲ್ಕನೇ ಘಾತ ಸಮಯದ ಜೊತೆ ಬೆಳೆಯುತ್ತದೆ. ಅಂದರೆ ದಪ್ಪ ಎರಡು ಪಟ್ಟಾಗಲು ಹದಿನಾರು ಪಟ್ಟು ಸಮಯ ಬೇಕು. ಕಾಲು ಗಂಟೆಯಲ್ಲಿ ಎಳೆ 15 ನ್ಯಾನೋಮೀಟರ್ ಆಗಿದ್ದರೆ 30 ಆಗಲು ನಾಲ್ಕು ಗಂಟೆ. ಹಾಗಾಗಿ ಮೊದಲ ನಿಮಿಷಗಳಲ್ಲಿ ಗಡಿಯಾರ ನೋಡಿಕೊಂಡೇ ಇರಬೇಕು, ರಾತ್ರಿಯಿಡೀ ಬಿಟ್ಟ ಮಾದರಿಗೆ ಒಂದು ಗಂಟೆ ಹೆಚ್ಚುಕಡಿಮೆಯಾದರೆ ಏನೂ ಆಗುವುದಿಲ್ಲ. ಇನ್ನೂ ಸಣ್ಣ ತೂತು ಬೇಕಿದ್ದರೆ ಆಸಿಡ್ ಪಾತ್ರೆಯನ್ನು ಐಸ್ ಮೇಲೆ ಇಡಿ. ತಣ್ಣಗಿದ್ದಷ್ಟೂ ಚಿನ್ನ ನಿಧಾನ. ಮೈನಸ್ 20 ಡಿಗ್ರಿಯಲ್ಲಿ ಮಾಡಿ ಹತ್ತು ನ್ಯಾನೋಮೀಟರ್‌ಗಿಂತ ಸಣ್ಣ ತೂತು ಪಡೆದವರಿದ್ದಾರೆ.

ತೊಳೆಯುವುದು, ಮತ್ತು ಬಿಳಿ ಮಬ್ಬು

ತೊಳೆಯುವುದು ಅಂದರೆ ಬರೀ ಶುಚಿ ಮಾಡುವುದಲ್ಲ, ಚಿನ್ನದ ಓಡಾಟಕ್ಕೆ ಬ್ರೇಕ್ ಹಾಕುವುದು. ಆಸಿಡ್ ತೂತುಗಳಲ್ಲಿ ಉಳಿದಿರುವಷ್ಟು ಹೊತ್ತೂ ಎಳೆಗಳು ದಪ್ಪವಾಗುತ್ತಲೇ ಇರುತ್ತವೆ.

ಸ್ಲೈಡಿನಿಂದ ರೇಕನ್ನು ಎತ್ತಿ ನೇರ ನೀರಿಗೆ ಇಳಿಸಿದಾಗ ಒಂದು ತೊಂದರೆ ಎದುರಾಯಿತು. ನೀರಿನ ಮೇಲ್ಮೈ ಎಳೆತ ಆಸಿಡ್‌ಗಿಂತ ಜಾಸ್ತಿ. ರೇಕು ನೀರು ಮುಟ್ಟಿದ ಕ್ಷಣ ನಾಲ್ಕೂ ಕಡೆ ಎಳೆದುಕೊಂಡು ಹರಡುತ್ತದೆ. ನೆರಿಗೆ ಬಿಡಿಸಲು ಇದು ಒಳ್ಳೆಯದೇ, ಆದರೆ ಎಷ್ಟೋ ಚೌಕಗಳು ನಡುವೆ ಹರಿದವು. ನಡುವೆ ಒಂದು ಪಾತ್ರೆ ಸೇರಿಸಿದ ಮೇಲೆ ಸರಿಹೋಯಿತು. ಅದರಲ್ಲಿ ಅರ್ಧ ನೀರು, ಅರ್ಧ ಆಸಿಡ್. ಅಲ್ಲಿ ಸ್ವಲ್ಪ ಹೊತ್ತು, ಆಮೇಲೆ ನೀರು, ಆಮೇಲೆ ಇನ್ನೊಂದು ಪಾತ್ರೆಯ ಹೊಸ ನೀರು. ಈಗ ಹರಿಯುವುದು ಅಪರೂಪ.

ಎರಡನೇ ತೊಂದರೆ ನೀರಿನದ್ದೇ. ಒಂದು ಹಂತದಲ್ಲಿ ತೊಳೆಯುವ ಪಾತ್ರೆಯಲ್ಲಿ ಹಾಲಿನ ಹನಿ ಬಿದ್ದಂಥ ಬಿಳಿ ಮಬ್ಬು ಕಾಣಿಸತೊಡಗಿತು. ಬೆಳಕಿನಲ್ಲಿ ಇಟ್ಟರೆ ಅದು ನಿಧಾನವಾಗಿ ನೇರಳೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಹಾಗೆ ತಿರುಗುವುದು ಸಿಲ್ವರ್ ಕ್ಲೋರೈಡ್. ಬೆಳ್ಳಿ ನಮ್ಮ ರೇಕಿನಿಂದ ಬಂದದ್ದು ಸರಿ, ಅಡುಗೆ ಉಪ್ಪಿನಲ್ಲೂ ಇರುವ ಕ್ಲೋರೈಡ್ ಇಲ್ಲಿಗೆ ಎಲ್ಲಿಂದ ಬಂತು? ನೀರು ಶುದ್ಧ ಮಾಡುವ ಯಂತ್ರದ ಕಾರ್ಟ್ರಿಡ್ಜ್ ಮುಗಿದಿತ್ತು. ಅದರ ಮೀಟರ್ ಕೂಡ ಸರಿಯಾದ ಅಂಕಿ ತೋರಿಸುತ್ತಿರಲಿಲ್ಲ, ಬೇರೆ ಮೀಟರಿನಲ್ಲಿ ಅಳೆದಾಗಲೇ ಗೊತ್ತಾದದ್ದು.

ಕ್ಲೋರೈಡ್ ಈ ಕೆಲಸಕ್ಕೆ ಮೂರು ಬಗೆಯಲ್ಲಿ ಶತ್ರು. ಬಿಳಿ ಕಣಗಳು ತೂತಿನಲ್ಲಿ ಕೂತು ಮುಚ್ಚುತ್ತವೆ. ಕ್ಲೋರೈಡ್ ಇದ್ದ ಕಡೆ ಚಿನ್ನದ ಪರಮಾಣುಗಳು ಇನ್ನೂ ಬೇಗ ಹರಿದಾಡಿ ಎಳೆಗಳು ದಪ್ಪವಾಗುತ್ತವೆ. ಜೊತೆಗೆ ನೈಟ್ರಿಕ್ ಆಸಿಡ್‌ನಲ್ಲಿ ಕ್ಲೋರೈಡ್ ಜಾಸ್ತಿಯಾದರೆ ಅದು ಚಿನ್ನವನ್ನೇ ಕರಗಿಸುವ ರಾಜದ್ರವದ ಕಡೆ ವಾಲುತ್ತದೆ.

ಕಾರ್ಟ್ರಿಡ್ಜ್ ಬದಲಾಯಿಸಿದೆವು. ಈಗ ನೀರು ಹಿಡಿದ ಮೇಲೆ ಒಂದು ಪರೀಕ್ಷಾ ನಳಿಗೆಯಲ್ಲಿ ಸ್ವಲ್ಪ ತೆಗೆದು ಸಿಲ್ವರ್ ನೈಟ್ರೇಟ್ ಹನಿ ಹಾಕಿ ನೋಡುತ್ತೇವೆ. ಮಬ್ಬು ಬಂದರೆ ಆ ನೀರು ಬೇಡ. ಇದನ್ನೇ ತಿರುಗಿಸಿದರೆ ತೊಳೆದದ್ದು ಸಾಕೋ ಇಲ್ಲವೋ ಅಂತಲೂ ತಿಳಿಯುತ್ತದೆ: ಕೊನೆಯ ತೊಳೆದ ನೀರನ್ನು ಬೇರೆ ನಳಿಗೆಗೆ ತೆಗೆದು ಉಪ್ಪು ನೀರಿನ ಹನಿ ಹಾಕುವುದು. ತಿಳಿಯಾಗಿಯೇ ಉಳಿದರೆ ಬೆಳ್ಳಿ ಹೊರಗೆ ಬರುವುದು ನಿಂತಿದೆ. ಉಪ್ಪಿನ ಹನಿಯನ್ನು ಮಾದರಿ ಇರುವ ಪಾತ್ರೆಗೆ ಹಾಕುವ ಹಾಗಿಲ್ಲ.

ಬಿಳಿ ಕಣ ಕೂತುಬಿಟ್ಟ ಮಾದರಿಗಳನ್ನು ನೀರು ಬೆರೆಸಿದ ಅಮೋನಿಯಾದಲ್ಲಿ ತೊಳೆದು ಉಳಿಸಿಕೊಂಡೆವು. ಸಿಲ್ವರ್ ಕ್ಲೋರೈಡ್ ಅದರಲ್ಲಿ ಕರಗುತ್ತದೆ. ಆದರೆ ಆ ತೊಳೆದ ದ್ರವವನ್ನು ಬಾಟಲಿಯಲ್ಲಿ ಎತ್ತಿಡಬೇಡಿ. ಬೆಳ್ಳಿ ಬೆರೆತ ಅಮೋನಿಯಾ ಇಟ್ಟಲ್ಲೇ ಇದ್ದರೆ ಸಿಡಿಯುವ ವಸ್ತು ಹುಟ್ಟಿಕೊಳ್ಳುತ್ತದೆ. ಅದೇ ಹೊತ್ತಿಗೆ ನೀರು ಬೆರೆಸಿದ ಆಸಿಡ್ ಹಾಕಿ ಕೆಡಿಸಿ, ಬೆಳ್ಳಿ ತ್ಯಾಜ್ಯದ ಕ್ಯಾನಿಗೆ ಸೇರಿಸಬೇಕು.

ಮೈಕ್ರೋಸ್ಕೋಪ್ ಕೆಳಗೆ

ಎಲೆಕ್ಟ್ರಾನ್ ಕಿರಣದಿಂದ ಮಾದರಿ ನೋಡುವ ಸಾಮಾನ್ಯ ಎಸ್‌ಇಎಂನಲ್ಲಿ 15 ನ್ಯಾನೋಮೀಟರ್ ತೂತು ಬಿಡಿಬಿಡಿಯಾಗಿ ಕಾಣುವುದು ಕಷ್ಟ, ಇನ್ನೂ ಸೂಕ್ಷ್ಮವಾಗಿ ತೋರಿಸುವ ಫೀಲ್ಡ್ ಎಮಿಷನ್ ಯಂತ್ರ ಬೇಕು. ಮಾದರಿ ಚಿನ್ನವೇ ಆದ್ದರಿಂದ ವಿದ್ಯುತ್ ಹರಿಯಲು ಮೇಲೆ ಬೇರೆ ಲೇಪ ಬೇಡ. ಲೇಪ ಹಾಕಿದರೆ ತೂತುಗಳೇ ಮುಚ್ಚಿಹೋಗುತ್ತವೆ. ಸಿಲಿಕಾನ್ ತುಂಡಿನ ಮೇಲೆ ರೇಕನ್ನು ಎತ್ತಿ, ಮೂಲೆಯಿಂದ ಫಿಲ್ಟರ್ ಪೇಪರಿನಲ್ಲಿ ನೀರು ಹೀರಿಸಿ ಒಣಗಿಸಿದರೆ ಸಾಕು.

ಪರದೆಯ ಮೇಲೆ ಚಿತ್ರ ಫೋಕಸ್ ಆದಾಗ ಹೊಸದಾಗಿ ಲ್ಯಾಬ್ ಸೇರಿದ ಹುಡುಗಿ ತಕ್ಷಣ ಹೇಳಿದಳು, "ಅಕ್ಕಾ, ಒಣಗಿದ ಹೀರೇಕಾಯಿ ನಾರು!" ಅದಕ್ಕಿಂತ ಸರಿಯಾಗಿ ನನಗೂ ಹೇಳಲು ಬರುವುದಿಲ್ಲ. ಎಲ್ಲೂ ಕೊನೆಯಾಗದ ಎಳೆಗಳು, ಎಲ್ಲೂ ಕೊನೆಯಾಗದ ತೂತುಗಳು, ಎರಡೂ ಒಂದರೊಳಗೊಂದು ಹೆಣೆದುಕೊಂಡಿವೆ. ಯಾವ ತೂತಿನಿಂದ ಹೊರಟರೂ ಇನ್ನೊಂದು ತುದಿಗೆ ಹೋಗಬಹುದು. ಎಳೆಯ ದಪ್ಪ 20 ನ್ಯಾನೋಮೀಟರ್ ಅಂದರೆ ಅಡ್ಡಕ್ಕೆ ಸುಮಾರು 70 ಚಿನ್ನದ ಪರಮಾಣು.

ನನಗೆ ಈಗಲೂ ಬೆರಗು ಹುಟ್ಟಿಸುವುದು ಇನ್ನೊಂದು ಸಂಗತಿ. ಇಷ್ಟೊಂದು ಕರಗಿ, ಅಲೆದು, ಹೊಸದಾಗಿ ಕಟ್ಟಿಕೊಂಡರೂ ಮೂಲ ಲೋಹದ ಹರಳುಗಳು ಹಾಗೇ ಉಳಿದಿರುತ್ತವೆ. ಒಂದು ಹರಳಿನ ವ್ಯಾಪ್ತಿಯಲ್ಲಿ ಸಾವಿರಾರು ಎಳೆಗಳಿದ್ದರೂ ಅವುಗಳ ಒಳಗಿನ ಪರಮಾಣು ಸಾಲುಗಳು ಎಲ್ಲ ಒಂದೇ ದಿಕ್ಕಿಗೆ ಇರುತ್ತವೆ. ಚಿನ್ನ ಬಿದ್ದು ರಾಶಿಯಾದದ್ದಲ್ಲ. ಒಂದೊಂದು ಪರಮಾಣುವೂ ಹಳೆಯ ಸಾಲಿನಲ್ಲೇ ಜಾಗ ಹುಡುಕಿ ಕೂತಿದೆ.

ಯಾವ ಲೋಹ ಎಷ್ಟಿದೆ ಅಂತ ತೋರಿಸುವ ಇಡಿಎಸ್‌ನಲ್ಲಿ ನೋಡಿದರೆ ನೂರಕ್ಕೆ ಕೆಲವು ಪಾಲು ಬೆಳ್ಳಿ ಇನ್ನೂ ಇರುತ್ತದೆ. ಅದನ್ನು ಕೊಳೆ ಅಂದುಕೊಳ್ಳಬೇಡಿ. ನ್ಯಾನೋಪೋರಸ್ ಚಿನ್ನ ಮೆಥನಾಲ್ ಅನ್ನುವ ಆಲ್ಕೋಹಾಲನ್ನು ಕಡಿಮೆ ಬಿಸಿಯಲ್ಲೇ ಮೀಥೈಲ್ ಫಾರ್ಮೇಟ್ ಅನ್ನುವ ಬೇರೆ ರಾಸಾಯನಿಕವಾಗಿ ಬದಲಿಸುತ್ತದೆ ಅಂತ 2010ರಲ್ಲಿ ಜರ್ಮನಿ ಮತ್ತು ಅಮೆರಿಕದ ಸಂಶೋಧಕರು ತೋರಿಸಿದರು. ಗಾಳಿಯ ಆಮ್ಲಜನಕವನ್ನು ಒಡೆದು ಕೊಡುವುದರಲ್ಲಿ ಈ ಉಳಿದ ಬೆಳ್ಳಿಗೂ ಕೈಯಿದೆ. ಗಟ್ಟಿ ಚಿನ್ನ ಇಂಥ ಕೆಲಸ ಮಾಡುವುದಿಲ್ಲ.

ಮೇಲ್ಮೈ ಎಷ್ಟು ಹೆಚ್ಚಿತು

ಇದನ್ನು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದೆವು. 100 ನ್ಯಾನೋಮೀಟರ್ ರೇಕಿನಲ್ಲಿ ಗಾತ್ರದ ಲೆಕ್ಕದಲ್ಲಿ ಚಿನ್ನದ ಪಾಲು ಶೇ. 35. ಒಂದು ಚದರ ಸೆಂಟಿಮೀಟರಿಗೆ ಸುಮಾರು 68 ಮೈಕ್ರೋಗ್ರಾಂ ಚಿನ್ನ. ಎಳೆ 20 ನ್ಯಾನೋಮೀಟರ್ ದಪ್ಪ ಇದ್ದರೆ ಒಂದು ಗ್ರಾಮಿಗೆ ಹತ್ತು ಚದರ ಮೀಟರ್ ಮೇಲ್ಮೈ ಬರುತ್ತದೆ. ಎರಡನ್ನೂ ಗುಣಿಸಿದರೆ ರೇಕಿನ ಒಂದು ಚದರ ಸೆಂಟಿಮೀಟರಿಗೆ ಏಳು ಚದರ ಸೆಂಟಿಮೀಟರ್ ಮೇಲ್ಮೈ.

ಅಳೆಯುವುದು ಹೀಗೆ. ರೇಕನ್ನು ಗ್ಲಾಸಿ ಕಾರ್ಬನ್ (ಗಾಜಿನಂಥ ಇಂಗಾಲ) ಎಲೆಕ್ಟ್ರೋಡ್ ಮೇಲೆ ಎತ್ತಿಕೊಂಡು 0.5 ಮೋಲಾರ್ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ವೋಲ್ಟೇಜ್ ಏರಿಸಿ ಇಳಿಸುತ್ತೇವೆ. ಏರುವಾಗ ಚಿನ್ನದ ಮೇಲೆ ತೆಳು ಆಕ್ಸೈಡ್ ಕೂರುತ್ತದೆ, ಇಳಿಯುವಾಗ ಅದು ಕಳಚುತ್ತದೆ. ಕಳಚುವಾಗಿನ ಚಾರ್ಜನ್ನು ಚದರ ಸೆಂಟಿಮೀಟರಿಗೆ 390 ಮೈಕ್ರೋಕೂಲಂಬ್ ಲೆಕ್ಕದಲ್ಲಿ ಭಾಗಿಸಿದರೆ ನಿಜವಾದ ಮೇಲ್ಮೈ ಸಿಗುತ್ತದೆ. ನಮ್ಮ ಚೌಕಗಳಲ್ಲಿ ಕಾಗದದ ಲೆಕ್ಕಕ್ಕೆ ಹತ್ತಿರದ ಅಂಕಿಗಳೇ ಬಂದವು. ಹರಿದ ರೇಕಿನಲ್ಲಿ ಮಾತ್ರ ಕಡಿಮೆ.

ಎರಡು ಎಚ್ಚರಿಕೆ. ವೋಲ್ಟೇಜ್ ಅಳೆಯಲು ಹೋಲಿಕೆಗೆ ಇಡುವ ರೆಫರೆನ್ಸ್ ಎಲೆಕ್ಟ್ರೋಡಿನೊಳಗೆ ಕ್ಲೋರೈಡ್ ಇದ್ದರೆ ಅದು ಸೋರಿ ಬರುತ್ತದೆ, ಆದ್ದರಿಂದ ಮರ್ಕ್ಯುರಿ ಸಲ್ಫೇಟ್ ಬಗೆಯದನ್ನು ಹಾಕಿ. ಮತ್ತೆ, ವೋಲ್ಟೇಜನ್ನು ಸುಮ್ನೆ ಮತ್ತೆ ಮತ್ತೆ ಏರಿಸಿ ಇಳಿಸಬೇಡಿ. ಆಕ್ಸೈಡ್ ಕೂತು ಕಳಚಿದಾಗಲೆಲ್ಲ ಚಿನ್ನ ಇಷ್ಟಿಷ್ಟೇ ಜಾಗ ಬದಲಿಸುತ್ತದೆ, ಅಳೆಯುತ್ತ ಅಳೆಯುತ್ತಲೇ ಮೇಲ್ಮೈ ಕಡಿಮೆಯಾಗುತ್ತದೆ.

ತಗಡಿನ ಪಟ್ಟಿ

ರೇಕು ತೆಳ್ಳಗೆ, ಅದನ್ನು ಕಾಯಿಸಿ ನೋಡಲು ಆಗುವುದಿಲ್ಲ. ಎಳೆಗಳು ರೇಕಿನಷ್ಟೇ ದಪ್ಪವಾಗುತ್ತಿದ್ದಂತೆ ಅದು ಚೂರುಚೂರಾಗಿ ಬಿಡಿಬಿಡಿ ಹನಿಗಳಾಗುತ್ತದೆ. ಅದಕ್ಕೆ ದಪ್ಪ ಮಾದರಿ ಬೇಕಾಯಿತು.

ಮಿಶ್ರಲೋಹ ಮಾಡಿಕೊಟ್ಟವರು ಪೇಟೆಯ ಒಬ್ಬ ಹಿರಿಯ ಅಕ್ಕಸಾಲಿಗರು. ನಾವು ಕೇಳಿದ್ದು ನೂರು ಪರಮಾಣುಗಳಲ್ಲಿ 25 ಚಿನ್ನ, 75 ಬೆಳ್ಳಿ. ತೂಕದಲ್ಲಿ ಒಂದು ಗ್ರಾಮಿಗೆ 380 ಮಿಲಿಗ್ರಾಂ ಚಿನ್ನ, 620 ಮಿಲಿಗ್ರಾಂ ಬೆಳ್ಳಿ. ತಾಮ್ರ ಬೇಡ, ಬೆಸುಗೆಯ ಚೂರು ಬೀಳಬಾರದು ಅಂದೆವು. ಅವರು ಹೊಸ ಮೂಸೆ ತೆಗೆದು, ಬಿಳಿಗಾರ ಹಾಕಿ ಒಳಮೈ ಸವರಿ, ಎರಡನ್ನೂ ಕರಗಿಸಿದರು. ಗಟ್ಟಿಯಾದದ್ದನ್ನು ಮತ್ತೆ ಕರಗಿಸಿದರು. "ಒಂದು ಸಲಕ್ಕೆ ಕೂಡಲ್ಲಮ್ಮ, ಚಿನ್ನ ತಳಕ್ಕೆ ಕೂರುತ್ತೆ" ಅಂದರು. ಆಮೇಲೆ ರೋಲಿಂಗ್ ಮಷಿನ್‌ನಲ್ಲಿ ಒತ್ತುತ್ತ, ನಡುನಡುವೆ ಕಾಯಿಸುತ್ತ 0.15 ಮಿಲಿಮೀಟರ್ ತಗಡು ಮಾಡಿಕೊಟ್ಟರು. ಲ್ಯಾಬ್‌ಗೆ ತಂದು 850 ಡಿಗ್ರಿಯಲ್ಲಿ ರಾತ್ರಿಯಿಡೀ ಕಾಯಿಸಿದೆವು. ಎರಡು ಲೋಹ ಎಲ್ಲ ಕಡೆ ಸಮನಾಗಿ ಬೆರೆಯಲಿ, ಒತ್ತುವಾಗ ಕೂತ ಬಿಗಿ ಸಡಿಲವಾಗಲಿ ಅಂತ.

ಮೊದಲ ಪಟ್ಟಿಗಳನ್ನು ನೇರ ಸಾಂದ್ರ ಆಸಿಡ್‌ಗೆ ಹಾಕಿದಾಗ ಕಂದು ಹೊಗೆ ಎದ್ದಿತು, ಪಟ್ಟಿಯ ಅಡ್ಡಕ್ಕೆ ಬಿರುಕು ಬಿತ್ತು. ಕಾರಣ ಗೊತ್ತಿರುವಂಥದ್ದೇ. ಬೆಳ್ಳಿ ಹೋಗುವಾಗ ಇಡೀ ಲೋಹ ಕುಗ್ಗುತ್ತದೆ. ಗಾತ್ರದಲ್ಲಿ ಶೇ. 30ರವರೆಗೂ ಕುಗ್ಗಿದ ದಾಖಲೆಯಿದೆ. ಹೊರಗಿನ ಪದರ ಕುಗ್ಗಲು ನೋಡುತ್ತದೆ, ಒಳಗಿನ ಗಟ್ಟಿ ಲೋಹ ಬಿಡುವುದಿಲ್ಲ. ಆ ಜಗ್ಗಾಟದಲ್ಲಿ ಹರಳಿನ ಅಂಚುಗಳ ಉದ್ದಕ್ಕೂ ಬಿರುಕು ಓಡುತ್ತದೆ.

ಇದಕ್ಕೆ ದಾರಿ ಸಿಕ್ಕಿದ್ದು ಚಿನ್ನದ ಶುದ್ಧತೆ ನೋಡುವ ಫೈರ್ ಅಸ್ಸೇ ಕ್ರಮದಲ್ಲಿ. ಹಾಲ್‌ಮಾರ್ಕಿಂಗ್ ಕೇಂದ್ರಗಳಲ್ಲಿ ಚಿನ್ನದ ಚೂರಿಗೆ ಬೆಳ್ಳಿ ಸೇರಿಸಿ, ಸೀಸದ ತಗಡಿನಲ್ಲಿ ಸುತ್ತಿ, ಕುಲುಮೆಯಲ್ಲಿ ಸೀಸ ಕಳೆದು, ಉಳಿದ ಗುಂಡನ್ನು ತಟ್ಟಿ ಉದ್ದ ಮಾಡಿ, ಸುರುಳಿ ಸುತ್ತಿ ನೈಟ್ರಿಕ್ ಆಸಿಡ್‌ನಲ್ಲಿ ಕುದಿಸುತ್ತಾರೆ. ಆ ಸುರುಳಿಗೆ ಕಾರ್ನೆಟ್ ಅನ್ನುತ್ತಾರೆ. ಅಲ್ಲಿ ಮೊದಲು ಶೇ. 33ರ ಆಸಿಡ್, ಆಮೇಲೆ ಶೇ. 49ರದ್ದು. ಸುರುಳಿ ಒಡೆದು ಚೂರು ಕಳೆದುಹೋದರೆ ತೂಕ ತಪ್ಪುತ್ತದೆ, ಆದ್ದರಿಂದ ಅವರಿಗೆ ಇದು ಹೊಟ್ಟೆಪಾಡಿನ ವಿಷಯ. ನಾವೂ ಅರ್ಧ ಶಕ್ತಿಯ ಆಸಿಡ್‌ನಿಂದ ಶುರುಮಾಡಿ, ಗುಳ್ಳೆ ಏಳುವುದು ನಿಂತ ಮೇಲೆ ಸಾಂದ್ರ ಆಸಿಡ್‌ಗೆ ಬದಲಾಯಿಸಿ ಎರಡು ದಿನ ಬಿಟ್ಟೆವು. ಬಿರುಕು ತುಂಬ ಕಡಿಮೆಯಾಯಿತು.

ಬೆಳ್ಳಿ ಹೋಯಿತೋ ಇಲ್ಲವೋ ಅಂತ ತಿಳಿಯಲು ಇಲ್ಲಿ ದೊಡ್ಡ ಯಂತ್ರ ಬೇಡ, ತಕ್ಕಡಿ ಸಾಕು. 100 ಮಿಲಿಗ್ರಾಂ ಪಟ್ಟಿ 38ರ ಹತ್ತಿರ ಬಂದರೆ ಆಯಿತು. 45ರಲ್ಲೇ ನಿಂತಿದ್ದರೆ ನಡುವಿನಲ್ಲಿ ಆಸಿಡ್ ಮುಟ್ಟದ ಪದರ ಉಳಿದಿದೆ ಅಂತ ಅರ್ಥ. ಪಟ್ಟಿ ಪೂರ್ತಿ ಒಣಗಿದ ಮೇಲೇ ತೂಗಬೇಕು, ತೂತಿನಲ್ಲಿ ನೀರು ಹಿಡಿದಿಟ್ಟುಕೊಂಡಿರುತ್ತದೆ.

ಬಿರುಕಿಲ್ಲದ ಒಂದು ತುಂಡನ್ನು ಅಕ್ಕಸಾಲಿಗರಿಗೆ ತೋರಿಸಲು ತೆಗೆದುಕೊಂಡು ಹೋದೆ. ಕಂದು, ಹೊಳಪಿಲ್ಲ, ಉಗುರು ತಾಗಿದರೆ ಮುರಿಯುತ್ತದೆ. ಅವರು ಅದನ್ನು ಅಂಗೈ ಮೇಲೆ ಹೊರಳಿಸಿ ನೋಡಿದರು.

"ಆಚಾರ್ರೇ, ಇದು ಚಿನ್ನವೇ ಅಂತ ಯಾರೂ ನಂಬಲ್ಲ" ಅಂದೆ.

"ಕಾಯಿಸಮ್ಮಾ, ಬಣ್ಣ ಬರುತ್ತೆ. ಆಸಿಡ್ ಬಿಟ್ಟ ಚಿನ್ನ ಮೊದಲು ಹೀಗೇ ಇರೋದು" ಅಂದರು.

ಬಂದು ತುಂಡುಗಳನ್ನು ಬೇರೆ ಬೇರೆ ಬಿಸಿಯಲ್ಲಿ ಕಾಯಿಸಿದೆವು. 200 ಡಿಗ್ರಿಯಲ್ಲಿ ಕಂದು ತಿಳಿಯಾಯಿತು. 400ರಲ್ಲಿ ಮಂಕು ಹಳದಿ, ಎಳೆಗಳ ದಪ್ಪ 100 ನ್ಯಾನೋಮೀಟರ್ ದಾಟಿತ್ತು. ಇನ್ನೂ ಏರಿಸಿದಾಗ ಅಂಗಡಿಯಲ್ಲಿ ನೋಡುವ ಚಿನ್ನದ ಬಣ್ಣವೇ ಬಂತು. ಹೊರಗಿನಿಂದ ಏನೂ ಸೇರಿಲ್ಲ, ಏನೂ ಹೋಗಿಲ್ಲ. ಎಳೆಗಳು ಬೆಳಕಿನ ಅಲೆಗಿಂತ ತುಂಬ ಸಣ್ಣದಿರುವಾಗ ಬೆಳಕು ತೂತುಗಳೊಳಗೆ ಸಿಕ್ಕಿ ಇಂಗುತ್ತದೆ, ಎಳೆ ದಪ್ಪವಾದಷ್ಟೂ ಲೋಹದ ಹಳದಿ ಮರಳುತ್ತದೆ. ಮೇಲ್ಮೈ ಮಾತ್ರ ಹೋಯಿತು: ಎಳೆ 200 ನ್ಯಾನೋಮೀಟರ್ ಆದರೆ ಗ್ರಾಮಿಗೆ ಹತ್ತು ಚದರ ಮೀಟರ್ ಇದ್ದದ್ದು ಒಂದಕ್ಕೆ ಇಳಿಯುತ್ತದೆ. ಅಸ್ಸೇ ಮಾಡುವವರಿಗೆ ಬಣ್ಣ ಬಂದು ಸುರುಳಿ ಗಟ್ಟಿಯಾಗಬೇಕು. ನಮಗೆ ಬಣ್ಣ ಬರದ ಹಾಗೆ ನೋಡಿಕೊಳ್ಳಬೇಕು. ವಸ್ತು ಒಂದೇ. ಈ ಅಳತೆಯ ತೂತುಗಳನ್ನು ಯಾರೂ ಕಣ್ಣಾರೆ ನೋಡುವ ಎಷ್ಟೋ ಮೊದಲಿನಿಂದ ಚಿನ್ನದ ಪರೀಕ್ಷಕರ ಕೈಯಲ್ಲಿ ಇದು ಹಾದುಹೋಗಿದೆ. ದಕ್ಷಿಣ ಅಮೆರಿಕದ ಹಳೆಯ ಕಸುಬುದಾರರೂ ತಾಮ್ರ ಜಾಸ್ತಿ ಇರುವ ಮಿಶ್ರಲೋಹದ ಮೇಲ್ಮೈಯಿಂದ ತಾಮ್ರ ಕಳೆದು, ತಿಕ್ಕಿ, ಮೇಲೆ ಚಿನ್ನ ಹೊಳೆಯುವಂತೆ ಮಾಡುತ್ತಿದ್ದರು.

ಇದೇ ದಾರಿಯಲ್ಲಿ ಬೇರೆ ಲೋಹಗಳೂ ಆಗುತ್ತವೆ. ಮ್ಯಾಂಗನೀಸ್ ಮತ್ತು ತಾಮ್ರದ ಮಿಶ್ರಣದಿಂದ ಮ್ಯಾಂಗನೀಸ್ ತೆಗೆದರೆ ತೂತು ತಾಮ್ರ. ನಿಕ್ಕಲ್ ಮತ್ತು ಅಲ್ಯೂಮಿನಿಯಂ ಮಿಶ್ರಣವನ್ನು ಕಾಸ್ಟಿಕ್ ಸೋಡಾದಲ್ಲಿ ಹಾಕಿದರೆ ಅಲ್ಯೂಮಿನಿಯಂ ಹೋಗಿ ತೂತು ನಿಕ್ಕಲ್ ಉಳಿಯುತ್ತದೆ. ಅಮೆರಿಕದ ಎಂಜಿನಿಯರ್ ಮರ್ರೆ ರೇನಿ 1920ರ ದಶಕದಲ್ಲಿ ಅದನ್ನು ಮಾಡಿದ್ದು ಎಣ್ಣೆಯನ್ನು ವನಸ್ಪತಿಯ ಹಾಗೆ ಗಟ್ಟಿ ಮಾಡುವುದಕ್ಕೆ. ಅದು ಒಣಗಿದರೆ ಗಾಳಿಗೇ ಹೊತ್ತಿಕೊಳ್ಳುತ್ತದೆ, ನೀರಿನಡಿಯೇ ಇಡಬೇಕು. ಕಲಿಯಲು ಚಿನ್ನವೇ ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ. ದುಬಾರಿ ನಿಜ, ಆದರೆ ತುಕ್ಕು ಹಿಡಿಯುವುದಿಲ್ಲ, ಹೊತ್ತಿಕೊಳ್ಳುವುದಿಲ್ಲ. ಕಾಣುವ ಬದಲಾವಣೆ ಎಲ್ಲ ಪರಮಾಣುಗಳು ಜಾಗ ಬದಲಿಸಿದ್ದರಿಂದಲೇ ಅಂತ ಧೈರ್ಯವಾಗಿ ಹೇಳಬಹುದು.

ಒಳ್ಳೆಯ ಪಟ್ಟಿಗಳನ್ನು ಬಾಗಿಸುವ ಪ್ರಯೋಗಕ್ಕೆ ತೆಗೆದಿಟ್ಟಿದ್ದೇವೆ. 2004ರಲ್ಲಿ ಜರ್ಮನಿಯಲ್ಲಿ ಕ್ರಾಮರ್, ವಿಶ್ವನಾಥ್ ಮತ್ತು ವೈಸ್‌ಮ್ಯುಲರ್ ಒಂದು ಕಡೆ ಗಟ್ಟಿ ಚಿನ್ನ, ಇನ್ನೊಂದು ಕಡೆ ತೂತು ಚಿನ್ನ ಇರುವ ಪಟ್ಟಿ ಮಾಡಿ, ದ್ರಾವಣದಲ್ಲಿ ಸಣ್ಣ ವೋಲ್ಟೇಜ್ ಕೊಟ್ಟು ಅದು ಕಣ್ಣಿಗೆ ಕಾಣುವಷ್ಟು ಬಾಗುವುದನ್ನು ತೋರಿಸಿದ್ದರು. ಮೇಲ್ಮೈಯ ಚಾರ್ಜ್ ಬದಲಾದಾಗ ಎಳೆಗಳ ಬಿಗಿಯೂ ಬದಲಾಗುವುದರಿಂದ ಹಾಗಾಗುತ್ತದೆ. ನಮಗೆ ಮೊದಲು ಬೇಕಾದದ್ದು ಶುದ್ಧ ಚಿನ್ನದ ತಗಡಿಗೆ ಮಿಶ್ರಲೋಹದ ತಗಡನ್ನು ಬೆಸುಗೆ ಇಲ್ಲದೆ, ಬರೀ ಬಿಸಿ ಮತ್ತು ಒತ್ತಡದಲ್ಲಿ ಕೂಡಿಸುವುದು. ಕೂಡಿಸಿದ ಜಾಗದಲ್ಲಿ ಬೆಳ್ಳಿ ಆಚೆಗೆ ಹರಿಯದ ಹಾಗೆ ಎಷ್ಟು ಬಿಸಿ, ಎಷ್ಟು ಹೊತ್ತು ಅನ್ನುವುದನ್ನು ಈಗ ಸಣ್ಣ ತುಂಡುಗಳಲ್ಲಿ ನೋಡುತ್ತಿದ್ದೇವೆ.